ಟಿವಿಯಲ್ಲಿ ಎಚ್‌ಡಿಎಂಐ ಪೋರ್ಟ್ ಎರಡೇ, ಜೋಡಿಸಬೇಕಾದ್ದು ಐದು. ಏನು ಮಾಡೋದು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಸಹಾಯ ಬೇಕಿತ್ತು. ತೀರ್ಥಹಳ್ಳಿ ಮನೆಗೆ ಹೊಸದಾಗಿ 43 ಇಂಚಿನ 4ಕೆ ಟಿವಿ ತಂದೆವು. ಚಿತ್ರ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಹಿಂದೆ ತಿರುಗಿಸಿ ನೋಡಿದರೆ ಎಚ್‌ಡಿಎಂಐ ಪೋರ್ಟ್ ಇರೋದು ಎರಡೇ! ಒಂದರ ಪಕ್ಕದಲ್ಲಿ ಎಆರ್‌ಸಿ ಅಂತ ಬರೆದಿದೆ. ಅದು ಬಿಟ್ಟರೆ ಎರಡು ಯುಎಸ್‌ಬಿ, ಇಯರ್‌ಫೋನ್ ತೂತಿನ ಥರದ ಒಂದು ಎವಿ, ಒಂದು ಆಪ್ಟಿಕಲ್, ಆಂಟೆನಾ, ಲ್ಯಾನ್. ಅಷ್ಟೇ.

ಜೋಡಿಸಬೇಕಾದ್ದು ಇವು: ಕೇಬಲ್‌ನವರ ಎಚ್‌ಡಿ ಸೆಟ್‌ಟಾಪ್ ಬಾಕ್ಸ್, 4ಕೆ ಫೈರ್ ಸ್ಟಿಕ್ (ಒಟಿಟಿ ನೋಡೋಕೆ ಟಿವಿಗೆ ಚುಚ್ಚೋದು), ತಮ್ಮ ಗೇಮ್ ಆಡುವ ಪಿಎಸ್4, ಒಂದು ಸೌಂಡ್‌ಬಾರ್, ಮತ್ತೆ ಅಪ್ಪನ ಹಳೇ ಡಿವಿಡಿ ಪ್ಲೇಯರ್. ಈ ಕಾಲದಲ್ಲಿ ಡಿವಿಡಿ ಯಾಕೆ ಅಂತ ಕೇಳಬೇಡಿ. ಅಪ್ಪನ ಹತ್ತಿರ ಯಕ್ಷಗಾನದ ಡಿಸ್ಕ್‌ಗಳ ದೊಡ್ಡ ಡಬ್ಬವೇ ಇದೆ, ಜೊತೆಗೆ ಅಕ್ಕನ ಮದುವೆ ವಿಡಿಯೊ.

ಸದ್ಯಕ್ಕೆ ಬೇಕಾದಾಗ ಒಂದನ್ನು ಕಿತ್ತು ಇನ್ನೊಂದನ್ನು ಚುಚ್ಚುತ್ತಿದ್ದೇವೆ. ಟಿವಿ ಗೋಡೆಗೆ ಹೊಡೆದಿರೋದರಿಂದ ಹಿಂದೆ ಕೈ ಹೋಗೋದಿಲ್ಲ, ಮೊಬೈಲ್ ಟಾರ್ಚ್ ಹಿಡಿದು ಕತ್ತು ಓರೆ ಮಾಡಿ ತಡಕಾಡಬೇಕು. ತಮ್ಮ ರಾತ್ರಿ ಗೇಮ್ ಆಡಿ ವೈರ್ ಹಾಗೇ ಬಿಟ್ಟು ಮಲಗಿದರೆ ಮಾರನೇ ದಿನ ಅಮ್ಮನಿಗೆ ಧಾರಾವಾಹಿ ಇಲ್ಲ, ನನಗೆ ಆಫೀಸಿಗೆ ಫೋನ್ ಬರುತ್ತದೆ.

ಇಲ್ಲಿ ಅಂಗಡಿಯಲ್ಲಿ ಕೇಳಿದ್ದಕ್ಕೆ "ಸ್ಪ್ಲಿಟರ್ ಹಾಕಿ, ಆಗುತ್ತೆ" ಅಂದರು. ತಗೊಳ್ಳಲಾ? ಇನ್ನೊಂದು ಮಾತು, ಅಮ್ಮ ಮುಟ್ಟೋದು ಸೆಟ್‌ಟಾಪ್ ಬಾಕ್ಸಿನ ರಿಮೋಟ್ ಒಂದನ್ನೇ. ಎರಡನೇ ರಿಮೋಟ್ ಕೊಟ್ಟರೆ ಟಿವಿಯನ್ನೇ ನೋಡಲ್ಲ ಅಂದುಬಿಟ್ಟಿದ್ದಾರೆ.

ಬೆಸುಗೆಕಡ್ಡಿ:

ಸ್ಪ್ಲಿಟರ್ ತಗೊಳ್ಳಬೇಡಿ, ದುಡ್ಡು ದಂಡ. ಅದು ಒಂದು ಬಾಕ್ಸಿನಿಂದ ಬರುವ ಚಿತ್ರವನ್ನು ಎರಡು ಮೂರು ಟಿವಿಗೆ ಹಂಚೋಕೆ ಇರೋದು. ಹೋಟೆಲ್‌ನಲ್ಲಿ ಒಂದೇ ಮ್ಯಾಚ್ ನಾಲ್ಕು ಗೋಡೆಯ ಟಿವಿಯಲ್ಲೂ ಓಡುತ್ತಿರುತ್ತದಲ್ಲ, ಆ ಕೆಲಸಕ್ಕೆ. ನಿಮಗೆ ಬೇಕಾದ್ದು ಅದರ ಉಲ್ಟಾ. ಅದಕ್ಕೆ ಎಚ್‌ಡಿಎಂಐ ಸ್ವಿಚ್ ಅಂತಾರೆ. ಮೂರು ಸಾಧನ ಒಳಗೆ, ಒಂದು ವೈರ್ ಟಿವಿಗೆ. ಎರಡೂ ನೋಡೋಕೆ ಒಂದೇ ಥರದ ಕರಿ ಡಬ್ಬಿ, ಅಂಗಡಿಯವರೂ ಹೆಸರು ಅದಲುಬದಲು ಮಾಡ್ತಾರೆ. ಹಾಗಾಗಿ ಹೆಸರು ಕೇಳಬೇಡಿ, ಡಬ್ಬಿ ಮೇಲಿನ ಸಣ್ಣ ಅಕ್ಷರ ಓದಿ. "3 ಇನ್, 1 ಔಟ್" ಅಂತ ಇರಬೇಕು.

ಆಮೇಲೆ ಸಿಕ್ಕಿದ ಸ್ವಿಚ್ ಎಲ್ಲ ಆಗಲ್ಲ. ನಿಮ್ಮ ಸ್ಟಿಕ್ 4ಕೆ ಆಗಿರೋದರಿಂದ ಸ್ವಿಚ್ 4ಕೆ 60 ಹರ್ಟ್ಜ್ (ಸೆಕೆಂಡಿಗೆ 60 ಚಿತ್ರ) ದಾಟಿಸಬೇಕು, ಅಂದರೆ ಎಚ್‌ಡಿಎಂಐ 2.0, 18 ಜಿಬಿಪಿಎಸ್ (ಸೆಕೆಂಡಿಗೆ ಅಷ್ಟು ಗಿಗಾಬಿಟ್ ಮಾಹಿತಿ). ಹಳೇ ಸ್ಟಾಕಿನ 1.4 ಸ್ವಿಚ್‌ಗಳು 10.2 ಜಿಬಿಪಿಎಸ್‌ಗೇ ನಿಲ್ಲುತ್ತವೆ. ಅವುಗಳ ಮೇಲೂ ದಪ್ಪಕ್ಷರದಲ್ಲಿ 4ಕೆ ಅಂತಲೇ ಬರೆದಿರುತ್ತಾರೆ, ಸುಳ್ಳೂ ಅಲ್ಲ, ಆದರೆ ಅದು 30 ಹರ್ಟ್ಜ್ 4ಕೆ. ಜೊತೆಗೆ ಎಚ್‌ಡಿಸಿಪಿ 2.2 ಅಂತ ಇದೆಯಾ ನೋಡಿ. ಅದು ಕಾಪಿ ತಡೆಯೋಕೆ ಇರುವ ಬೀಗ. ಸ್ಟಿಕ್‌ನಿಂದ ಟಿವಿ ತನಕ ದಾರಿಯಲ್ಲಿರುವ ಪ್ರತಿಯೊಂದೂ ಅದನ್ನು ಒಪ್ಪಬೇಕು. ಮಧ್ಯೆ ಒಂದು ಒಪ್ಪದಿದ್ದರೂ ಒಟಿಟಿಯಲ್ಲಿ ಕಪ್ಪು ಪರದೆ ಬರುತ್ತದೆ, ಇಲ್ಲಾಂದ್ರೆ ಸುಮ್ನೆ ಕಡಿಮೆ ಗುಣಮಟ್ಟಕ್ಕೆ ಇಳಿದುಬಿಡುತ್ತದೆ. ಪಿಎಸ್4 ಮಾಮೂಲಿಯದಾದರೆ ಅದರ ಚಿತ್ರ 1080 ತನಕ ಅಷ್ಟೇ, ಅದಕ್ಕೆ ಯಾವ ಸ್ವಿಚ್ ಆದರೂ ನಡೆಯುತ್ತದೆ.

ಹೀಗೆ ಮಾಡಿ: ಸೌಂಡ್‌ಬಾರ್ ಎಆರ್‌ಸಿ ಪೋರ್ಟಿಗೆ (ಟಿವಿಯ ಶಬ್ದವನ್ನು ಹೊರಗೆ ಸೌಂಡ್‌ಬಾರಿಗೆ ಕಳಿಸೋ ಪೋರ್ಟ್ ಅದು). ಇನ್ನೊಂದು ಪೋರ್ಟಿಗೆ ಸ್ವಿಚ್, ಅದರಲ್ಲಿ ಸೆಟ್‌ಟಾಪ್ ಬಾಕ್ಸ್, ಸ್ಟಿಕ್, ಪಿಎಸ್4. ಡಿವಿಡಿ ಎವಿಗೆ. ಮುಗೀತು.

ರಿಮೋಟ್‌ರಾಯ:

ಬೆಸುಗೆಕಡ್ಡಿ ಅಣ್ಣ, ವೈರ್ ಲೆಕ್ಕ ಸರಿ ಇದೆ, ಆದರೆ ಅಮ್ಮನ ಲೆಕ್ಕ ಬಿಟ್ಟುಹೋಯಿತು.

ಈ ಸ್ವಿಚ್‌ಗಳು ತಾವೇ ಬದಲಾಗುತ್ತವೆ ಅಂತಾರಲ್ಲ, ಅದು ಕೆಲಸ ಮಾಡೋದು ಹೇಗೆ ಅಂದರೆ ಯಾವುದು ಹೊಸದಾಗಿ ಆನ್ ಆಯಿತೋ ಅದರ ಕಡೆ ತಿರುಗುತ್ತದೆ. ಎಚ್‌ಡಿಎಂಐ ವೈರಿನಲ್ಲಿ 5 ವೋಲ್ಟ್‌ನ ಒಂದು ಎಳೆ ಇರುತ್ತದೆ, ಅದರಲ್ಲಿ ಕರೆಂಟ್ ಬಂತಾ ಇಲ್ವಾ ನೋಡಿ ಎಷ್ಟೋ ಸ್ವಿಚ್‌ಗಳು ತೀರ್ಮಾನ ಮಾಡೋದು. ಆದರೆ ಸ್ಟಿಕ್ ಪೂರ್ತಿ ಆಫ್ ಆಗೋದೇ ಇಲ್ಲ. ಸೆಟ್‌ಟಾಪ್ ಬಾಕ್ಸ್‌ಗಳಲ್ಲೂ ಬಹಳಷ್ಟು ರಿಮೋಟ್‌ನಲ್ಲಿ ಆಫ್ ಮಾಡಿದರೆ ಬರೀ ನಿದ್ದೆಗೆ ಜಾರುತ್ತವೆ, ಆ 5 ವೋಲ್ಟ್ ಹಾಗೇ ಇರುತ್ತದೆ. ತಮ್ಮ ಗೇಮ್ ಮುಗಿಸಿ ಪಿಎಸ್4 ಆಫ್ ಮಾಡಿದ ಮೇಲೆ ಸ್ವಿಚ್ ಸ್ಟಿಕ್ ಕಡೆ ಹೋಗಿ ಕೂತಿತು ಅಂದುಕೊಳ್ಳಿ. ಬೆಳಿಗ್ಗೆ ಅಮ್ಮ ಬಾಕ್ಸ್ ಆನ್ ಮಾಡಿದರೆ ಸ್ವಿಚ್‌ಗೆ ಅದು ಗೊತ್ತೇ ಆಗಲ್ಲ. ಮತ್ತೆ ನಿಮಗೆ ಫೋನ್.

ನನ್ನ ಪ್ರಕಾರ ದೊಡ್ಡವರು ದಿನಾ ನೋಡುವ ಸಾಧನ ಸ್ವಿಚ್ ಮೂಲಕ ಹೋಗಲೇಬಾರದು. ಸೆಟ್‌ಟಾಪ್ ಬಾಕ್ಸ್‌ಗೆ ಟಿವಿಯಲ್ಲಿ ನೇರ ಪೋರ್ಟ್ ಕೊಡಿ. ಟಿವಿ ಸೆಟ್ಟಿಂಗ್‌ನಲ್ಲಿ ಆನ್ ಆದ ತಕ್ಷಣ ಯಾವ ಇನ್‌ಪುಟ್ ತೋರಿಸಬೇಕು ಅಂತ ಕೇಳುತ್ತಿದ್ದರೆ ಅಲ್ಲಿ ಇದನ್ನೇ ಆರಿಸಿ. ಸ್ವಿಚ್ ಇನ್ನೊಂದು ಪೋರ್ಟಿಗೆ ಬರಲಿ, ಅದರಲ್ಲಿ ಸ್ಟಿಕ್ ಮತ್ತು ಪಿಎಸ್4, ಮೂರನೇದು ಲ್ಯಾಪ್‌ಟಾಪ್‌ಗೆ ಖಾಲಿ ಇರಲಿ. ಅದರ ಜೊತೆ ಒದ್ದಾಡೋದು ನೀವು ಮತ್ತು ತಮ್ಮ, ಅಮ್ಮ ಅಲ್ಲ.

ಸೌಂಡ್‌ಬಾರ್ ಎಲ್ಲಿಗೆ ಅಂದರೆ, ಬೆಳಕಿನ ರೂಪದಲ್ಲಿ ಶಬ್ದ ಮಾತ್ರ ಕಳಿಸೋ ಆಪ್ಟಿಕಲ್‌ಗೆ. ಆ ಪೋರ್ಟ್ ಹೇಗೂ ಖಾಲಿ ಕೂತಿದೆ ಅಲ್ವಾ.

ತುಂಗಾತೀರ:

ರಿಮೋಟ್‌ರಾಯ ಸರ್, ನೀವು ನಮ್ಮ ಮನೆ ನೋಡಿದ ಹಾಗೇ ಬರೆದಿದ್ದೀರಿ. ಆದರೆ ಆಪ್ಟಿಕಲ್‌ಗೆ ಹಾಕಿದರೆ ಸೌಂಡ್ ಕಮ್ಮಿ ಆಗಲ್ವಾ? ಸೌಂಡ್‌ಬಾರ್ 2.1, ಸಬ್‌ವೂಫರ್ ಬೇರೆ ಇದೆ. ಹಿಂದೆ ಎಆರ್‌ಸಿ ಒಂದು, ಆಪ್ಟಿಕಲ್ ಒಂದು, ಆಕ್ಸ್ ಒಂದು ಇದೆ. ಸುತ್ತಲಿಂದಲೂ ಮೇಲಿಂದಲೂ ಶಬ್ದ ಬಂದ ಹಾಗೆ ಕೇಳಿಸೋ ಅಟ್ಮಾಸ್ ಗಿಟ್ಮಾಸ್ ಏನೂ ಇಲ್ಲ.

ಬೆಸುಗೆಕಡ್ಡಿ:

ಆಯ್ತಪ್ಪ ರಾಯರೇ, ಒಪ್ಪಿದೆ. ಆದರೆ ಆಪ್ಟಿಕಲ್‌ನಲ್ಲಿ ಏನು ಸಿಗುತ್ತೆ, ಏನು ಹೋಗುತ್ತೆ ಅಂತ ಅವರಿಗೆ ಗೊತ್ತಿರಲಿ.

2.1 ಸೌಂಡ್‌ಬಾರ್‌ಗೆ ಏನೂ ನಷ್ಟ ಇಲ್ಲ. ಆಪ್ಟಿಕಲ್‌ನಲ್ಲಿ ಮಾಮೂಲಿ ಸ್ಟೀರಿಯೊ ಸಲೀಸಾಗಿ ಹೋಗುತ್ತದೆ, ಡಾಲ್ಬಿ ಡಿಜಿಟಲ್ 5.1 ಕೂಡ ಹೋಗುತ್ತದೆ. ಹೋಗದೇ ಇರೋದು ಒಟಿಟಿಯವರು ಕೊಡುವ ಅಟ್ಮಾಸ್. ಅದು ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೆ ಕೂತು ಬರುತ್ತದೆ, ಅದಕ್ಕೆ ಎಆರ್‌ಸಿ ಬೇಕು. ಬ್ಲೂ-ರೇ ಡಿಸ್ಕಿನಲ್ಲಿ ಬರುವ ಟ್ರೂಎಚ್‌ಡಿ ಶಬ್ದಕ್ಕೆ ಇಎಆರ್‌ಸಿಯೇ (ಎಆರ್‌ಸಿಯ ಸುಧಾರಿತ ರೂಪ) ಬೇಕು. ನಿಮಗೆ ಅವೆರಡೂ ಸಂಬಂಧ ಇಲ್ಲ. ಹಾಕಿದ ಮೇಲೆ ಶಬ್ದ ಬರಲಿಲ್ಲ ಅಂದರೆ ಗಾಬರಿ ಬೇಡ, ಟಿವಿಯ ಸೌಂಡ್ ಸೆಟ್ಟಿಂಗ್‌ಗೆ ಹೋಗಿ ಡಿಜಿಟಲ್ ಔಟ್‌ಪುಟ್ ಅನ್ನು ಪಿಸಿಎಂಗೆ (ಅಂದರೆ ಮಾಮೂಲಿ ಸ್ಟೀರಿಯೊಗೆ) ಇಡಿ. ಆಪ್ಟಿಕಲ್ ವೈರಿನ ಎರಡೂ ತುದಿಗೆ ಸಣ್ಣ ಪ್ಲಾಸ್ಟಿಕ್ ಟೋಪಿ ಇರುತ್ತದೆ, ಅದನ್ನು ತೆಗೆದೇ ಹಾಕಿ. ನಗಬೇಡಿ, ರಿಪೇರಿಗೆ ಅಂತ ಕರೆದ ಮನೆಗಳಲ್ಲಿ ನೋಡಿದ್ದೇನೆ.

ಕಳೆದುಕೊಳ್ಳೋದು ಒಂದೇ, ವಾಲ್ಯೂಮ್. ಎಆರ್‌ಸಿಯಲ್ಲಿದ್ದರೆ ಟಿವಿ ರಿಮೋಟ್ ಒತ್ತಿದಾಗ ಸೌಂಡ್‌ಬಾರ್ ಜಾಸ್ತಿ ಕಮ್ಮಿ ಆಗುತ್ತದೆ. ಅದು ಸಿಇಸಿ ಅನ್ನುವ ವ್ಯವಸ್ಥೆ, ಎಚ್‌ಡಿಎಂಐ ವೈರಿನ ಒಳಗಿನ ಒಂದು ಎಳೆಯ ಮೇಲೆ ನಡೆಯುತ್ತದೆ. ಸ್ಯಾಮ್‌ಸಂಗ್‌ನವರು ಎನಿನೆಟ್ ಪ್ಲಸ್ ಅಂತಾರೆ, ಎಲ್‌ಜಿಯವರು ಸಿಂಪ್‌ಲಿಂಕ್ ಅಂತಾರೆ, ಸೋನಿಯವರು ಬ್ರೇವಿಯಾ ಸಿಂಕ್ ಅಂತಾರೆ, ಎಲ್ಲ ಒಂದೇ. ಆಪ್ಟಿಕಲ್‌ನಲ್ಲಿ ಹೋಗೋದು ಬರೀ ಬೆಳಕು, ಬರೀ ಶಬ್ದ. ಹಾಗಾಗಿ ವಾಲ್ಯೂಮ್‌ಗೆ ಸೌಂಡ್‌ಬಾರ್ ರಿಮೋಟನ್ನೇ ಹಿಡಿಯಬೇಕು. ಅಮ್ಮ ಎರಡನೇ ರಿಮೋಟ್ ಮುಟ್ಟಲ್ಲ ಅಂದಿದ್ದಾರಲ್ಲ, ಈಗ ಹೇಳಿ ರಾಯರೇ?

ರಿಮೋಟ್‌ರಾಯ:

ಹೇಳ್ತೀನಿ. ಹೆಸರಿಗೆ ತಕ್ಕ ಹಾಗೆ ಇದಕ್ಕೇ ಕಾದಿದ್ದೆ :)

ತುಂಗಾತೀರ ಅವರೇ, ನಿಮ್ಮ ಸೆಟ್‌ಟಾಪ್ ಬಾಕ್ಸಿನ ರಿಮೋಟ್ ಕೈಗೆ ತಗೊಳ್ಳಿ. ನಾಲ್ಕೈದು ಬಟನ್‌ಗಳಿಗೆ ಮಾತ್ರ ಒಂದು ಗೆರೆ ಎಳೆದು ಬೇರೆ ಮಾಡಿ "ಟಿವಿ" ಅಂತ ಬರೆದಿದೆಯಾ? ಸೆಟ್, ಪವರ್, ವಾಲ್ಯೂಮ್ ಪ್ಲಸ್, ಮೈನಸ್, ಎವಿ, ಈ ಥರ? ನಮ್ಮ ಕಡೆ ಕೇಬಲ್ ಮತ್ತು ಡಿಟಿಎಚ್ ರಿಮೋಟ್‌ಗಳಲ್ಲಿ ಬಹಳಷ್ಟರಲ್ಲಿ ಇರುತ್ತದೆ, ಯಾರೂ ಬಳಸೋದಿಲ್ಲ. ಆ ಬಟನ್‌ಗಳು ಬೇರೆ ರಿಮೋಟ್‌ನಿಂದ ಕಲಿಯುತ್ತವೆ. ಸಾಮಾನ್ಯವಾಗಿ ಹೀಗೆ: ಸೆಟ್ ಬಟನ್ ಅನ್ನು ದೀಪ ನಿಂತು ಉರಿಯುವ ತನಕ ಒತ್ತಿ ಹಿಡಿಯಿರಿ. ಕಲಿಸಬೇಕಾದ ಬಟನ್ ಒತ್ತಿ, ಉದಾಹರಣೆಗೆ ವಾಲ್ಯೂಮ್ ಪ್ಲಸ್. ದೀಪ ಮಿಣುಕುತ್ತದೆ. ಈಗ ಸೌಂಡ್‌ಬಾರ್ ರಿಮೋಟನ್ನು ಇದಕ್ಕೆ ಎದುರುಬದುರು ಹತ್ತಿರ ಇಟ್ಟು ಅದರ ವಾಲ್ಯೂಮ್ ಪ್ಲಸ್ ಒತ್ತಿ. ದೀಪ ಬೇಗ ಬೇಗ ಮಿಣುಕಿ ನಿಂತರೆ ಕಲಿತಿದೆ ಅಂತ. ಎಲ್ಲ ಮುಗಿದ ಮೇಲೆ ಮತ್ತೆ ಸೆಟ್. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ, ರಿಮೋಟ್ ಹಿಂಭಾಗದಲ್ಲೋ ಬಾಕ್ಸಿನ ಜೊತೆ ಬಂದ ಚೀಟಿಯಲ್ಲೋ ಬರೆದಿರುತ್ತಾರೆ.

ಪವರ್ ಬಟನ್‌ಗೆ ಟಿವಿ ರಿಮೋಟಿನ ಪವರ್ ಕಲಿಸಿ, ವಾಲ್ಯೂಮ್‌ಗೆ ಸೌಂಡ್‌ಬಾರಿನ ವಾಲ್ಯೂಮ್ ಕಲಿಸಿ. ಎರಡು ಬೇರೆ ಬೇರೆ ಕಡೆಯಿಂದ ಕಲಿತರೂ ತೊಂದರೆ ಇಲ್ಲ. ಅಮ್ಮನ ಕೈಲಿ ಅದೇ ಹಳೇ ರಿಮೋಟ್.

ಒಂದು ಷರತ್ತು, ಎದುರು ತೋರಿಸಿದರೆ ಮಾತ್ರ ಕೆಲಸ ಮಾಡುವ ಹಳೇ ಥರದ ಇನ್‌ಫ್ರಾರೆಡ್ ರಿಮೋಟಿನಿಂದ ಮಾತ್ರ ಇದು ಕಲಿಯುತ್ತದೆ. ಬ್ಲೂಟೂತ್ ರಿಮೋಟ್ ಆದರೆ ಆಗಲ್ಲ. ಟಿವಿಯ ಸ್ವಂತ ಸ್ಪೀಕರ್ ಆಫ್ ಮಾಡೋದು ಮರೆಯಬೇಡಿ, ಇಲ್ಲಾಂದ್ರೆ ಎರಡೂ ಕಡೆಯಿಂದ ಶಬ್ದ ಬಂದು ಬಚ್ಚಲುಮನೆಯಲ್ಲಿ ಮಾತಾಡಿದ ಹಾಗೆ ಕೇಳುತ್ತದೆ.

ಮಲ್ಲೇಶ್ವರದ ಮಹಡಿ:

ನೀವೆಲ್ಲ ವೈರ್ ಜಾಸ್ತಿ ಮಾಡ್ತಾ ಇದ್ದೀರಿ, ನಾನು ಕಮ್ಮಿ ಮಾಡೋ ದಾರಿ ಹೇಳ್ತೀನಿ.

ಮೊದಲು ಆ ಸ್ಟಿಕ್. ಟಿವಿಯೇ ಸ್ಮಾರ್ಟ್ ಅಲ್ವಾ? ಅದರಲ್ಲೇ ಆ್ಯಪ್‌ಗಳಿದ್ದರೆ ಸ್ಟಿಕ್ ಯಾಕೆ? ಎರಡನೇದು ಡಿವಿಡಿ. ಮನೆಯಲ್ಲಿ ಪಿಎಸ್4 ಇದೆ ಅಂದರೆ ಡಿವಿಡಿ ಪ್ಲೇಯರ್ ಆಗಲೇ ಇದೆ ಅಂತ ಅರ್ಥ, ಪಿಎಸ್4 ಡಿವಿಡಿಯನ್ನೂ ಬ್ಲೂ-ರೇಯನ್ನೂ ಓದುತ್ತದೆ. ಆಡಿಯೊ ಸಿಡಿ ಮಾತ್ರ ಓದಲ್ಲ, ಭಾಗವತಿಕೆಯ ಸಿಡಿ ಇದ್ದರೆ ಅದು ನಡೆಯೋದಿಲ್ಲ.

ಆದರೆ ನಿಜವಾಗಿ ಮಾಡಬೇಕಾದ್ದು ಬೇರೆ. ಆ ಡಿಸ್ಕ್‌ಗಳನ್ನು ಈ ಮಳೆಗಾಲಕ್ಕೆ ಮೊದಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮದುವೆ ಸ್ಟುಡಿಯೊದವರು ಕೊಡೋದು ಬರೆದ ಡಿವಿಡಿ-ಆರ್, ಅದರೊಳಗಿನ ಬಣ್ಣದ ಪದರ ವರ್ಷ ಕಳೆದ ಹಾಗೆ ಹಾಳಾಗುತ್ತದೆ. ತೀರ್ಥಹಳ್ಳಿಯ ತೇವದಲ್ಲಿ ಬೂಷ್ಟು ಬೇರೆ ಹಿಡಿಯುತ್ತದೆ. ಡಿಸ್ಕ್ ತೆರೆದರೆ ವಿಡಿಯೊ_ಟಿಎಸ್ ಅಂತ ಫೋಲ್ಡರ್ ಇರುತ್ತದೆ, ಅದರಲ್ಲಿ ವಿಒಬಿ ಫೈಲ್‌ಗಳು. ಒಂದೊಂದೂ 1 ಜಿಬಿ ದಾಟೋದಿಲ್ಲ, ಹಾಗಾಗಿ ಎಫ್‌ಎಟಿ32 ಅನ್ನೋ ಹಳೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೂ ಆರಾಮಾಗಿ ಹೋಗುತ್ತವೆ. ಅಲ್ಲಿ ಒಂದು ಫೈಲಿಗೆ ಮಿತಿ 4 ಜಿಬಿ. ಕೆಲವು ಟಿವಿಗಳು ವಿಒಬಿಯನ್ನು ನೇರ ಓಡಿಸುತ್ತವೆ. ಓಡಿಸದಿದ್ದರೆ ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ತಂತ್ರಾಂಶದಲ್ಲಿ ಎಂಪಿ4 ಮಾಡಿಕೊಳ್ಳಿ, ಅಕ್ಕನ ಮದುವೆ ವಾಟ್ಸ್‌ಆ್ಯಪ್‌ಗೂ ಬರುತ್ತೆ.

ಇನ್ನು ಬೆಂಗಳೂರಿಗೆ ಬರೋದಿದ್ದರೆ ಎಸ್‌ಪಿ ರೋಡ್ ಕಡೆ ಒಂದು ಸುತ್ತು ಹಾಕಿ, ಸ್ವಿಚ್ ಅಲ್ಲಿ ಸಿಗುತ್ತದೆ. ಎಚ್‌ಡಿಎಂಐ ವೈರ್ ಮಾತ್ರ ಚಿನ್ನದ ಲೇಪ ಅಂತ ಸಾವಿರಗಟ್ಟಲೆ ಹೇಳಿದರೆ ನಗುತ್ತಾ ಎದ್ದು ಬನ್ನಿ. ಎರಡು ಮೀಟರ್ ಒಳಗೆ "ಪ್ರೀಮಿಯಂ ಹೈ ಸ್ಪೀಡ್" ಅಂತ ಇರುವ ಮಾಮೂಲಿ ವೈರ್ ಸಾಕು.

ತುಂಗಾತೀರ:

ಮಹಡಿಯವರೇ, ಟಿವಿಯ ಆ್ಯಪ್‌ಗಳು ತೆವಳುತ್ತವೆ, ಒಂದು ಸಿನಿಮಾ ತೆಗೆಯೋಕೆ ಕಾಫಿ ಮಾಡಿಕೊಂಡು ಬರಬಹುದು. ಅದಕ್ಕೇ ಸ್ಟಿಕ್ ಹಾಕಿದ್ದು, ಅದು ಇರಲಿ. ಡಿಸ್ಕ್ ಇಳಿಸೋ ಮಾತು ತುಂಬಾ ಒಳ್ಳೇದು, ಈ ವಾರವೇ ಶುರು ಮಾಡ್ತೀನಿ. ಆದರೆ ಪಿಎಸ್4 ಮೇಲೆ ಅಪ್ಪ ಡಿಸ್ಕ್ ಹಾಕೋದಕ್ಕೆ ತಮ್ಮ ಒಪ್ಪೋದಿಲ್ಲ, ಅಲ್ಲಿ ತನಕ ಡಿವಿಡಿ ಪ್ಲೇಯರ್ ಬೇಕೇ ಬೇಕು.

ಅದರಲ್ಲೇ ಒಂದು ತೊಂದರೆ. ಎವಿಗೆ ಅಂತ ಒಂದು ಕಡೆ ಇಯರ್‌ಫೋನ್ ಪಿನ್, ಇನ್ನೊಂದು ಕಡೆ ಹಳದಿ-ಕೆಂಪು-ಬಿಳಿ ಇರುವ ವೈರ್ ತಂದೆ. ಚಿತ್ರ ಬರ್ತಾ ಇಲ್ಲ, ಗುಂಯ್ ಅಂತ ಶಬ್ದ ಮಾತ್ರ. ಅದರ ಬಣ್ಣದ ತುದಿಗಳಲ್ಲಿ ಪಿನ್ ಬದಲು ತೂತು ಇದೆ, ಪ್ಲೇಯರಿನ ವೈರ್ ಅದರೊಳಗೆ ಹೋಗುತ್ತದೆ.

ಬೆಸುಗೆಕಡ್ಡಿ:

ಗುಂಯ್ ಅಂತಿದ್ದರೆ ಬಹುಶಃ ವೈರ್ ಸರಿ ಇದೆ, ಕ್ರಮ ತಪ್ಪಿದೆ. ಆ ಪಿನ್ನಿನಲ್ಲಿ ನಾಲ್ಕು ಉಂಗುರ, ಯಾವ ಉಂಗುರಕ್ಕೆ ಚಿತ್ರ, ಯಾವುದಕ್ಕೆ ಶಬ್ದ ಅನ್ನೋದರಲ್ಲಿ ಎಲ್ಲ ಕಂಪನಿಗೂ ಒಂದೇ ಪದ್ಧತಿ ಇಲ್ಲ. ನಿಮ್ಮ ಟಿವಿ ಚಿತ್ರ ಕಾಯುತ್ತಿರೋ ಜಾಗಕ್ಕೆ ಶಬ್ದ ಹೋಗ್ತಾ ಇದೆ, ಸ್ಪೀಕರಿಗೆ ಚಿತ್ರದ ಸಿಗ್ನಲ್ ಬಂದು ಗುಂಯ್‌ಗುಟ್ಟುತ್ತಿದೆ. ಬಣ್ಣ ಮರೆತುಬಿಡಿ. ಪ್ಲೇಯರಿನ ಹಳದಿಯನ್ನು ಕೆಂಪಿಗೆ ಹಾಕಿ ನೋಡಿ, ಬರದಿದ್ದರೆ ಬಿಳಿಗೆ. ಯಾವುದರಲ್ಲಿ ಚಿತ್ರ ಬಂತೋ ಅದನ್ನು ಬಿಟ್ಟು ಉಳಿದೆರಡಕ್ಕೆ ಶಬ್ದ. ಯಾವುದರಲ್ಲೂ ಬರದಿದ್ದರೆ ಆ ವೈರ್ ಬದಲಾಯಿಸಿ, ಅದರಲ್ಲಿ ಗ್ರೌಂಡ್‌ನ ಉಂಗುರವೇ ಬೇರೆ ಕಡೆ ಇರುತ್ತದೆ.

ಚಿತ್ರ ಬಂದ ಮೇಲೆ ಮಸುಕು ಅಂತ ಬೇಸರ ಬೇಡ. ಎವಿಯಲ್ಲಿ ಬರೋದು 576 ಗೆರೆ, ಅದನ್ನು ಟಿವಿ 2160ಕ್ಕೆ ಹಿಗ್ಗಿಸಬೇಕು. ಎವಿಯಿಂದ ಎಚ್‌ಡಿಎಂಐ ಮಾಡುವ ಸಣ್ಣ ಡಬ್ಬಿ ಹಾಕಿದರೆ ಚೆನ್ನಾಗಿ ಬರುತ್ತೆ ಅಂತ ಅಂಗಡಿಯಲ್ಲಿ ಹೇಳ್ತಾರೆ, ನಂಬಬೇಡಿ. ಇರೋ ಚಿತ್ರವನ್ನೇ ಅದು ಹಿಗ್ಗಿಸೋದು, ಮೇಲಾಗಿ ಒಂದು ಎಚ್‌ಡಿಎಂಐ ಪೋರ್ಟ್ ತಿನ್ನುತ್ತೆ. ಎವಿ ಪೋರ್ಟ್ ಇಲ್ಲದೇ ಇರೋ ಟಿವಿಗೆ ಮಾತ್ರ ಅದು ಬೇಕು.

ಅಡಿಕೆತೋಟ:

ಎಲ್ಲ ಸರಿ, ಮಲೆನಾಡಿನಲ್ಲಿ ಇದ್ದುಕೊಂಡು ಯಾರೂ ಮಿಂಚಿನ ಮಾತೇ ಎತ್ತಲಿಲ್ಲವಲ್ಲ.

ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ನಮ್ಮ ಕಡೆ ಟಿವಿ ಹೋಗೋದು ಕರೆಂಟ್ ವೈರಿನಿಂದಲೇ ಅಂತ ತಿಳಿದಿರುತ್ತಾರೆ. ಪ್ಲಗ್ ಕಿತ್ತು ನಿಶ್ಚಿಂತೆಯಿಂದ ಕೂರುತ್ತಾರೆ. ಕೇಬಲ್‌ನವರ ವೈರ್ ಕಂಬದಿಂದ ಕಂಬಕ್ಕೆ ಮರಗಳ ನಡುವೆ ಬಂದು ನೇರ ಸೆಟ್‌ಟಾಪ್ ಬಾಕ್ಸಿಗೆ ಹೋಗಿರುತ್ತದೆ, ಅದನ್ನು ಯಾರೂ ಕೀಳೋದಿಲ್ಲ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಅದರ ಹೊಡೆತ ಆ ವೈರ್ ಹಿಡಿದು ಬಾಕ್ಸಿಗೆ, ಬಾಕ್ಸಿನಿಂದ ಎಚ್‌ಡಿಎಂಐ ಹಿಡಿದು ಟಿವಿಗೆ. ಆಗ ಟಿವಿ ಆನ್ ಆಗುತ್ತೆ, ಆ್ಯಪ್ ಎಲ್ಲ ಓಡುತ್ತೆ, ಎಚ್‌ಡಿಎಂಐ ಮಾತ್ರ ಸತ್ತಿರುತ್ತದೆ. ಎರಡೇ ಪೋರ್ಟ್ ಇರುವವರಿಗೆ ಒಂದು ಹೋದರೆ ಕಥೆ ಏನು? ಬೋರ್ಡ್ ಬದಲಾಯಿಸೋ ಖರ್ಚು ಕೇಳಿದರೆ ಟಿವಿಯನ್ನೇ ಬದಲಾಯಿಸೋಣ ಅನ್ನಿಸುತ್ತದೆ. ಫೈಬರ್ ಬಂದಿರುವ ಮನೆಯಲ್ಲಿ ಈ ಹೆದರಿಕೆ ಕಮ್ಮಿ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯೋದಿಲ್ಲ. ಆದರೆ ರೂಟರಿನಿಂದ ಟಿವಿಗೆ ಲ್ಯಾನ್ ವೈರ್ ಎಳೆದಿದ್ದರೆ ಅದನ್ನೂ ಕೀಳಿ.

ಈ ಸ್ವಿಚ್ ಹಾಕೋದರಲ್ಲಿ ನನಗೆ ಕಾಣೋ ಲಾಭ ಅದೇ, ಐನೂರೋ ಸಾವಿರವೋ ಕೊಟ್ಟ ಡಬ್ಬಿ ಕೈಗೆ ಸಿಗೋ ಜಾಗದಲ್ಲಿ ಇರುತ್ತದೆ, ಮಳೆ ಬಂದಾಗ ಒಂದು ವೈರ್ ಎಳೆದರೆ ಆಯಿತು. ಸೆಟ್‌ಟಾಪ್ ಬಾಕ್ಸಿನದು ಟಿವಿ ಹಿಂದೆ ನೇರ ಹೋಗಿದ್ದರೂ ಚಿಂತೆ ಇಲ್ಲ, ಬಾಕ್ಸಿನ ಕಡೆಯ ತುದಿ ಕೀಳಿ, ಜೊತೆಗೆ ಕೇಬಲ್ ವೈರ್ ಬಿಚ್ಚಿಡಿ. ಆದರೆ ಇದೆಲ್ಲ ಗುಡುಗು ದೂರ ಇದ್ದಾಗಲೇ ಮಾಡಿ, ತಲೆಮೇಲೆ ಬಂದ ಮೇಲೆ ವೈರ್ ಮುಟ್ಟಲು ಹೋಗಬೇಡಿ.

ಮತ್ತೆ ಕೇಬಲ್ ವೈರಿನ ಲೋಹ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ಕೆಲವರು ಹೇಳ್ತಾರಲ್ಲ, ಎರಡು ಪಿನ್ನಿನ ಅಡಾಪ್ಟರ್‌ಗಳಿಂದ ಸೋರುವ ಕರೆಂಟ್ ಅದು. ಹಾಗಾಗಿ ಎಚ್‌ಡಿಎಂಐ ಚುಚ್ಚುವಾಗ ಎರಡೂ ಕಡೆ ಆಫ್ ಮಾಡಿ ಚುಚ್ಚಿ.

ತುಂಗಾತೀರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಹೀಗಿದೆ: ಸೆಟ್‌ಟಾಪ್ ಬಾಕ್ಸ್ ಟಿವಿಗೆ ನೇರ, ಸ್ವಿಚ್‌ನಲ್ಲಿ ಸ್ಟಿಕ್ ಮತ್ತು ಪಿಎಸ್4, ಸೌಂಡ್‌ಬಾರ್ ಆಪ್ಟಿಕಲ್. ಡಿವಿಡಿ ಹಳದಿಯನ್ನು ಬಿಳಿಗೆ ಹಾಕಿದಾಗ ಚಿತ್ರ ಬಂತು! ಬಾಕ್ಸ್ ರಿಮೋಟ್ ವಾಲ್ಯೂಮ್ ಕಲಿತಿದೆ, ಅಮ್ಮನಿಗೆ ಏನು ಬದಲಾಯಿತು ಅಂತಲೇ ಗೊತ್ತಾಗಿಲ್ಲ.

ಎರಡು ಸಣ್ಣ ಪ್ರಶ್ನೆ ಉಳಿದಿವೆ. ಸ್ಟಿಕ್‌ಗೆ ಕರೆಂಟ್ ಟಿವಿಯ ಯುಎಸ್‌ಬಿಯಿಂದ ಕೊಟ್ಟಿದ್ದೇನೆ, ಆಗಾಗ ತಾನೇ ರೀಸ್ಟಾರ್ಟ್ ಆಗ್ತಿದೆ. ಸ್ವಿಚ್ ಕಾರಣವಾ? ಇನ್ನೊಂದು, ತಮ್ಮ ಪಿಎಸ್5 ಬೇಕು ಅಂತ ಹಠ ಹಿಡಿದಿದ್ದಾನೆ. ಆಗ ಇದೇ ಸ್ವಿಚ್ ಸಾಕಾ?

ಬೆಸುಗೆಕಡ್ಡಿ:

ಸ್ವಿಚ್ ಅಲ್ಲ, ಯುಎಸ್‌ಬಿ. ಟಿವಿಯ ಮಾಮೂಲಿ ಯುಎಸ್‌ಬಿ ಪೋರ್ಟ್ ಅರ್ಧ ಆಂಪಿಯರ್ ಕೊಡುತ್ತದೆ, 4ಕೆ ಸ್ಟಿಕ್‌ಗೆ ಅದು ಸಾಲಲ್ಲ. ಅದರ ಜೊತೆ ಬಂದ ಅಡಾಪ್ಟರ್ ಹಾಕಿ, ನಿಂತುಹೋಗುತ್ತದೆ.

ಪಿಎಸ್5 4ಕೆಯಲ್ಲಿ 120 ಹರ್ಟ್ಜ್ ತನಕ ಕೊಡುತ್ತದೆ, ಅದಕ್ಕೆ ಎಚ್‌ಡಿಎಂಐ 2.1 ಬೇಕು, ಸ್ವಿಚ್‌ನಲ್ಲೂ ಟಿವಿಯಲ್ಲೂ. ಮೊದಲು ಟಿವಿ 120 ತೋರಿಸುತ್ತದಾ ಅಂತ ಮ್ಯಾನ್ಯುಯಲ್ ನೋಡಿ. ಎರಡೇ ಪೋರ್ಟ್ ಇರುವ 43 ಇಂಚಿನದು 60ಕ್ಕೇ ನಿಲ್ಲೋ ಸಾಧ್ಯತೆ ಜಾಸ್ತಿ. ಹಾಗಿದ್ದರೆ ಈ 18 ಜಿಬಿಪಿಎಸ್ ಸ್ವಿಚ್ಚೇ ಸಾಕು, ಹೊಸದು ತಗೊಂಡರೂ ಚಿತ್ರದಲ್ಲಿ ಏನೂ ವ್ಯತ್ಯಾಸ ಕಾಣೋದಿಲ್ಲ.